ಮಲವಗೊಪ್ಪದಲ್ಲಿ ನಿದ್ದೆಹೋದ ರಾಜಕುಮಾರ

ಡ್ರಾಯಿಂಗ್ ಮೇಷ್ಟ್ರು ಮಲ್ಲೇಶನಿಗೆ ಆ ದಿನ ವಕ್ಕರಿಸಿದ ಪೀಡೆಗೆಲ್ಲ ಮೂಲ, ಲಗೇಜ್ ಆಟೋದ ಉದ್ದ ಅರ್ಧ ಮೊಳ ಕಡಿಮೆಯಾದದ್ದು.

ಭದ್ರಾವತಿ ನ್ಯೂ ಟೌನಿನ ಖಾಸಗಿ ಶಾಲೆಯೊಂದರಲ್ಲಿ ಅವನು ಆರು ವರ್ಷದಿಂದ ಟೆಂಪರರಿ. ಶಿವಮೊಗ್ಗದಲ್ಲಿ ನಡೆಯುವ ‘ಹೆಣ್ಣು ಗಂಡು ಸಮಾನ’ ಸ್ತಬ್ಧಚಿತ್ರ ಪ್ರದರ್ಶನದಲ್ಲಿ ಬಹುಮಾನ ತಂದರೆ ಕಾಯಂ ಮಾಡಿಸುವುದಾಗಿ ಹೆಡ್‌ಮಿಸ್ ಶಕುಂತಲಮ್ಮ ಮಾತು ಕೊಟ್ಟಿದ್ದರು. ಮಲ್ಲೇಶ ಹಳೇ ಕತೆಯೊಂದನ್ನು ತಲೆಕೆಳಗು ಮಾಡಿದ. ನೂರು ವರ್ಷ ನಿದ್ದೆ ಹೊಡೆಯುವವನು ರಾಜಕುಮಾರ. ಕುದುರೆಯೇರಿ ಬಂದು ಎಬ್ಬಿಸುವವಳು ರಾಜಕುಮಾರಿ. ನಿಜ ಹೇಳಬೇಕೆಂದರೆ ಈ ಉಪಾಯವೂ, ರಟ್ಟಿನಲ್ಲಿ ಕತ್ತರಿಸಿದ ರಾಜಕುಮಾರಿಯೂ ಅವನ ಹೆಂಡತಿ ತನುಜಾಳದು. ಅವಳೂ ಅವನ ಜೊತೆಗೇ ಡ್ರಾಯಿಂಗ್ ಡಿಪ್ಲೊಮಾ ಮಾಡಿದವಳು. “ಒಂದು ಮನೇಲಿ ಎರಡೆರಡು ಬ್ರಶ್ ಯಾಕೆ?” ಎಂದು ಮದುವೆಯಾದ ವಾರಕ್ಕೇ ಅವಳ ಕೈಗೆ ಸೌಟು ಕೊಟ್ಟ ಪುಣ್ಯಾತ್ಮ ಈ ಮಲ್ಲೇಶನೇ.

ರಾಜಕುಮಾರನಾಗಲು ಶಾಲೆಯ ಯಾವ ಗಂಡಸೂ ಒಪ್ಪಲಿಲ್ಲ. “ಹೆಂಗಸು ಬಂದು ಎಬ್ಬಿಸೋವರೆಗೂ ಬಿದ್ಕೊಂಡಿರೋದಾ? ನನ್ ಕೈಲಾಗಲ್ಲ ಮಾರಾಯ” ಎಂದರು ಪಿ.ಟಿ. ಮೇಷ್ಟ್ರು. ದಿನಾ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಅವರು ಮಾಡುತ್ತಿದ್ದದ್ದು ಅದನ್ನೇ. ಕೊನೆಗೆ ಮಲ್ಲೇಶನೇ ಪೇಟ ಸುತ್ತಿಕೊಂಡ.

ಶಿವಮೊಗ್ಗದಲ್ಲಿ ಜೋಡಣೆಗೆ ಸಿಗುವುದು ಹತ್ತೇ ನಿಮಿಷ. ಹಾಗಾಗಿ ಚೆಂಡುಹೂವಿನ ಮಂಟಪವನ್ನು ನ್ಯೂ ಟೌನಿನಲ್ಲೇ ಆಟೋದ ಮೇಲೆ ಕಟ್ಟಿದ್ದಾಯಿತು. ಆದರೆ ಮಲ್ಲೇಶ ಮಲಗಿದರೆ ಕಾಲು ಹೊರಗೆ.

“ಹೀಗೆ ಹೋದ್ರೆ ಪೊಲೀಸ್ನೋರು ಹಿಡೀತಾರೆ. ಕೂತ್ಕೊಂಡೇ ನಿದ್ದೆ ಮಾಡಿ ಸಾರ್” ಎಂದ ಡ್ರೈವರ್ ಕರಿಯಣ್ಣ.

ಮಲ್ಲೇಶ ಚಕ್ಕಳಮಕ್ಕಳ ಹಾಕಿ ಕೂತ. ಸ್ನಾನ ಮಾಡಿ ಹಚ್ಚಿದ ವಿಭೂತಿ ಹಣೆಯ ಮೇಲೆ ಹಾಗೇ ಇತ್ತು. ನೂರು ವರ್ಷ ಬಿಸಿಲು ಕಾಣದ ಮುಖವೆಂದು ತನುಜಾ ದಪ್ಪಗೆ ಪೌಡರ್ ಮೆತ್ತಿದಳು. ಬೀಳದಿರಲೆಂದು ಬೆನ್ನನ್ನು ಹಲಗೆಗೆ ಕಟ್ಟಿದಳು. “ನೀವು ನಡೀರಿ, ರಾಜಕುಮಾರೀನ ಸ್ಕೂಟರಲ್ಲಿ ನಾನು ತರ್ತೀನಿ” ಎಂದಳು. ಎರಡು ರಾತ್ರಿ ನಿದ್ದೆಗೆಟ್ಟಿದ್ದ ಮಲ್ಲೇಶ ಊರು ದಾಟುವ ಮೊದಲೇ ನಿಜವಾಗಿಯೇ ನಿದ್ದೆಹೋದ.

ಮಲವಗೊಪ್ಪದ ಹತ್ತಿರ ಆಟೋ ಹೊಗೆಯುಗುಳಿ ನಿಂತಿತು. ಕರಿಯಣ್ಣ ಮೆಕ್ಯಾನಿಕ್ಕನ್ನು ಹುಡುಕಿಕೊಂಡು ಹೋದ.

ಲಿಂಗಾಯತರಲ್ಲಿ ಕೊನೆಯ ಪಯಣಕ್ಕೆ ಹೇಗೆ ಸಿಂಗರಿಸುತ್ತಾರೆಂದು ಆ ಕಡೆಯ ಮಕ್ಕಳಿಗೂ ಗೊತ್ತು. ಪೇಟ ಸುತ್ತಿ, ವಿಭೂತಿ ಹಚ್ಚಿ, ಹೂವಿನ ಮಂಟಪದಲ್ಲಿ ಕೂರಿಸುತ್ತಾರೆ. ದಾರಿಹೋಕರು ಚಪ್ಪಲಿ ಬಿಟ್ಟು ಕೈಮುಗಿದರು. ಯಾರೋ ಊದುಬತ್ತಿ ಹಚ್ಚಿದರು. ಅಷ್ಟರಲ್ಲಿ ಕನ್ನಡಕ ಒರೆಸುತ್ತ ಬಂದವರು ಮಲ್ಲೇಶನ ಶಾಲೆಯ ಆಡಳಿತ ಮಂಡಳಿ ಅಧ್ಯಕ್ಷ ಮುರುಗೇಶಪ್ಪ.

“ಅಯ್ಯೋ ಶಿವನೇ, ನಮ್ಮ ಡ್ರಾಯಿಂಗ್ ಮೇಷ್ಟ್ರು!”

ಕಾರ್ಖಾನೆಯಲ್ಲಿ ಯೂನಿಯನ್ ಮಾಡಿ ರಿಟೈರಾದ ಮನುಷ್ಯ. ಸಾವು ಎಂದರೆ ಅವರಿಗೆ ಮೊದಲು ನೆನಪಾಗುವುದು ಅನುಕಂಪದ ಕೆಲಸ. ತಕ್ಷಣ ಶಕುಂತಲಮ್ಮನಿಗೆ ಫೋನು ಹಚ್ಚಿದರು. “ಪಾಪ, ಕಾಯಂ ಕಾಯಂ ಅಂತಲೇ ಹೋಗ್ಬಿಟ್ಟ. ಆ ಹೆಣ್ಣುಮಗಳಿಗಾದ್ರೂ ಕಾಯಂ ಕೊಡೋಣ ಮೇಡಂ, ಈಗಲೇ.” ಮಂಡಳಿಯ ವಾಟ್ಸಾಪ್ ಗುಂಪಿನಲ್ಲಿ ಹತ್ತೇ ನಿಮಿಷಕ್ಕೆ ಏಳೂ ಸದಸ್ಯರ ಕೈಮುಗಿದ ಚಿತ್ರ ಬಿತ್ತು. ಠರಾವು ಪಾಸು. ಶಕುಂತಲಮ್ಮ ಕಣ್ಣೊರೆಸಿಕೊಂಡು ಆದೇಶಕ್ಕೆ ಸಹಿ ಹಾಕಿ, ಶಾಲೆಗೆ ರಜೆ ಕೊಟ್ಟರು.

ತನುಜಾಳ ಸ್ಕೂಟರು ಬಂದಾಗ ಆಟೋದ ಸುತ್ತ ಜಾತ್ರೆಯಷ್ಟು ಜನ. “ಧೈರ್ಯ ತಂದ್ಕೋ ತಾಯಿ” ಎಂದು ಹೆಂಗಸರು ತಬ್ಬಿಕೊಂಡರು. ತನುಜಾ ಸ್ಕೂಟರನ್ನು ಅಲ್ಲೇ ಬಿಟ್ಟು ನುಗ್ಗಿ ಹೋದಳು. ಹತ್ತಿರ ಹೋದಾಗ ಮದುವೆಯಾದಾಗಿನಿಂದ ಕೇಳಿದ್ದ ಗೊರಕೆ ಕೇಳಿಸಿತು. ಆ ಗೊರಕೆ ಅವಳಿಗೆ ಅಷ್ಟು ಇಂಪಾಗಿ ಹಿಂದೆಂದೂ ಕೇಳಿಸಿರಲಿಲ್ಲ.

“ಏಳ್ರೀ!” ಎಂದು ಕಿವಿ ಹಿಂಡಿದಳು.

ರಾಜಕುಮಾರ ಕಣ್ಣು ಬಿಟ್ಟು, ಊದುಬತ್ತಿ ಹೊಗೆಗೆ ಜೋರಾಗಿ ಸೀನಿದ. ಜನ ದಿಕ್ಕಾಪಾಲಾದರು. ಮುರುಗೇಶಪ್ಪ ಚರಂಡಿ ಹಾರಿ ಆಚೆ ನಿಂತರು.

ಎಲ್ಲ ತಿಳಿಯಾಗುವ ಹೊತ್ತಿಗೆ ಪ್ರದರ್ಶನದ ಹೊತ್ತು ಮೀರಿತ್ತು. ಬಹುಮಾನ ಹೋದರೆ ಹೋಯಿತು, ಗಂಡ ಇದ್ದಾನಲ್ಲ ಎಂದು ತನುಜಾ ದಾರಿಯುದ್ದಕ್ಕೂ ನಿಟ್ಟುಸಿರುಬಿಟ್ಟಳು. ಶಾಲೆಯಲ್ಲಿ ಶಕುಂತಲಮ್ಮ ಮಲ್ಲೇಶನನ್ನು ಮುಟ್ಟಿ ನೋಡಿ, “ಸದ್ಯ, ಬದುಕಿದ್ರಲ್ಲ ಮೇಷ್ಟ್ರೇ” ಎಂದು ಅತ್ತೇಬಿಟ್ಟರು. ಆಮೇಲೆ ಆದೇಶವನ್ನು ತನುಜಾಳ ಕೈಗಿಟ್ಟರು.

ಓದಿದ ಮಲ್ಲೇಶ ತೊದಲಿದ. “ಮೇಡಂ, ನಾನಿನ್ನೂ ಇದ್ದೀನಲ್ಲ... ಇದನ್ನ ರದ್ದು ಮಾಡಿ ನನ್ನ ಹೆಸರಿಗೆ...”

“ಹೆಣ್ಣುಮಗಳಿಗೆ ಕೊಟ್ಟ ಕೆಲಸ ಕಿತ್ತು ಗಂಡಸಿಗೆ ಕೊಡೋದಾ? ಅದೂ ನಿಮ್ಮ ಪ್ರದರ್ಶನದ ದಿನವೇ?” ಎಂದರು ಜೊತೆಗೇ ಬಂದಿದ್ದ ಮುರುಗೇಶಪ್ಪ. “ಅವರದ್ದೂ ಅದೇ ಡಿಪ್ಲೊಮಾ ಅಲ್ವಾ!”

“ನನ್ನ ಟೆಂಪರರಿ?”

“ಡ್ರಾಯಿಂಗಿಗೆ ಇರೋದೇ ಒಂದು ಜಾಗ. ಅದು ಭರ್ತಿ ಆಯ್ತಲ್ಲ.”

ಮಾರನೇ ಬೆಳಿಗ್ಗೆ ತನುಜಾ ಇಸ್ತ್ರಿ ಸೀರೆಯುಟ್ಟು, ಸ್ಕೂಟರ್ ಕೀ ಹಿಡಿದು ಹಾಸಿಗೆಯ ಪಕ್ಕ ನಿಂತಳು.

“ಏಳ್ರೀ ರಾಜಕುಮಾರರೇ, ಒಲೆ ಮೇಲೆ ಹಾಲಿಟ್ಟಿದ್ದೀನಿ. ನನ್ನ ಡಬ್ಬಿಗೆ ಬೇಗ ಏನಾದ್ರೂ ಮಾಡಿ.”

ಮಲ್ಲೇಶ ಕಣ್ಣುಜ್ಜಿದ. “ನೀನೂ ಸ್ವಲ್ಪ ಕೈ ಹಾಕೇ.”

ತನುಜಾ ಸೌಟನ್ನು ಅವನ ಕೈಗಿಟ್ಟಳು. “ಒಂದು ಮನೇಲಿ ಎರಡೆರಡು ಸೌಟು ಯಾಕೆ?”