ಜರ್ಮನ್ ಕಾರಿಗೆ ಸಸ್ತಾ ಮುಚ್ಚಳ

ಮಗಳ ನಿಶ್ಚಿತಾರ್ಥಕ್ಕೆ ಹೋದರೆ ಜರ್ಮನ್ ಕಾರಿನಲ್ಲೇ ಹೋಗುವುದು! ಅದನ್ನು ಶೋರೂಮಿನವರ ಹಂಗಿಲ್ಲದೆ ನಾನೇ ರಿಪೇರಿ ಮಾಡಿಸುವುದು! ಹೀಗೆಂದು ಮುಂಬಯಿಯ ವಿಕ್ರೋಳಿಯ ನಮ್ಮ ಬಿಲ್ಡಿಂಗಿನ ಗೇಟಿನಲ್ಲಿ, ಬಾನೆಟ್ಟಿನ ಮೇಲೆ ಕೈಯಿಟ್ಟು ನಾನು ಘೋಷಿಸಿದೆ. ಕೇಳಿಸಿಕೊಂಡವರು ಇಬ್ಬರೇ. ಒಬ್ಬಳು ನನ್ನ ಹೆಂಡತಿ ಮಾಧುರಿ. ಇನ್ನೊಬ್ಬ ಎದುರು ಮನೆಯ ಕುತುಬುದ್ದೀನ. ಅವನೂ ನಮ್ಮ ವಿಜಯಪುರದ ಕಡೆಯವನೇ, ಗ್ರಾಂಟ್ ರೋಡಿನಲ್ಲಿ ಹೊಲಿಗೆ ಅಂಗಡಿ ಇಟ್ಟವನು. ನನಗೆ ಡ್ಯೂಟಿಯಿದ್ದಾಗಲೆಲ್ಲ ನನ್ನ ಮಗಳು ಸ್ನೇಹಲ್‌ಳನ್ನು ಶಾಲೆಗೆ ಬಿಟ್ಟು ಬರುತ್ತಿದ್ದವನು ಅವನೇ.

ಕಾರು ನನ್ನದೇ. ಹೊಸದಲ್ಲ, ಯಾರೋ ದೊಡ್ಡ ಸಾಹೇಬರು ಬೇಸತ್ತು ಮಾರಿದ್ದು. ಕಪ್ಪು ಬಣ್ಣ, ಚರ್ಮದ ಸೀಟು, ಬಾಗಿಲು ಹಾಕಿದರೆ ‘ಧಪ್’ ಎಂಬ ಶ್ರೀಮಂತ ಸದ್ದು! ಒಂದೇ ಕೊರತೆಯೆಂದರೆ ಎಂಜಿನ್ ಬೇಗ ಕಾಯುತ್ತಿತ್ತು. ಎಂಜಿನ್ನನ್ನು ತಣ್ಣಗಿಡುವ ಕೂಲಂಟ್ ಟ್ಯಾಂಕಿನ ಮುಚ್ಚಳ, ಒಂದು ಪೈಪು, ಒಂದು ಥರ್ಮೋಸ್ಟ್ಯಾಟ್ ಬದಲಿಸಬೇಕು ಎಂದರು ಶೋರೂಮಿನವರು. ಅವರು ಹೇಳಿದ ದರ ಕೇಳಿ ಎಂಜಿನ್ನಿಗಿಂತ ಮೊದಲು ನಾನೇ ಕಾದೆ.

ಇಲ್ಲಿ ನನ್ನ ಕಸುಬಿನ ಬಗ್ಗೆ ಒಂದು ಮಾತು ಹೇಳಬೇಕು. ನಾನು ಕಾರ್ಖಾನೆಯೊಂದರ ಪರ್ಚೇಸ್ ವಿಭಾಗದ ಶಶಿಕಾಂತ. ಪರದೇಶದ ಯಂತ್ರದ ಯಾವ ಭಾಗ ಕೆಟ್ಟರೂ ಅದೇ ಅಳತೆಯ ಅಗ್ಗದ ಸಾಮಾನು ಹುಡುಕಿ ಕೊಡುವುದು ನನ್ನ ಕೆಲಸ. ಇಟಲಿಯ ಬೇರಿಂಗಿಗೆ ರಾಜಕೋಟದ ಬೇರಿಂಗ್, ಜಪಾನಿನ ಬೆಲ್ಟಿಗೆ ಭಿವಂಡಿಯ ಬೆಲ್ಟು! ಈ ವಿದ್ಯೆಯನ್ನು ಮನೆಯಲ್ಲೂ ಪ್ರಯೋಗಿಸದೆ ಬಿಟ್ಟವನಲ್ಲ. ಒಮ್ಮೆ ಕುಕ್ಕರಿಗೆ ಬೇರೆ ಕಂಪನಿಯ ರಬ್ಬರ್ ತಂದು ಹಾಕಿದ್ದೆ. ಅದು ಸೀಟಿ ಹೊಡೆಯುವ ಬದಲು ಬೇಳೆಯನ್ನೇ ಚಾವಣಿಗೆ ಹಾರಿಸಿತ್ತು.

“ಕುಕ್ಕರಿನ ಕತಿ ಮರತ್ರೇನು?” ಎಂದಳು ಮಾಧುರಿ.

“ಕುಕ್ಕರ್ ಬ್ಯಾರೆ, ಕಾರ್ ಬ್ಯಾರೆ!”

“ಎರಡರಾಗೂ ನೀರೇ ಕುದೀತಾವ್ರಿ. ಹುಡುಗಿ ನಿಶ್ಚಯದ ದಿನಾನ ನಿಮ್ಮ ಪರೀಕ್ಷಾ ಬ್ಯಾಡ. ಸುಮ್ನ ಟ್ಯಾಕ್ಸಿ ಮಾಡೂಣು.”

ನಾನು ನಕ್ಕೆ. ತಿಳಿಯದವರ ಮಾತಿಗೆ ತಿಳಿದವರು ನಗುವ ಆ ನಗೆ. ಈಗ ನೆನೆದರೆ ನನ್ನ ಹಲ್ಲನ್ನು ನಾನೇ ಉದುರಿಸಿಕೊಳ್ಳಬೇಕೆನಿಸುತ್ತದೆ.

ಕುರ್ಲಾದ ಮೆಕ್ಯಾನಿಕ್ ಮುಶರಫ ನನಗೆ ತಕ್ಕ ಜೊತೆಗಾರ. ಇಬ್ಬರೂ ಗುಜರಿ ಅಂಗಡಿಗಳನ್ನೆಲ್ಲ ಜಾಲಾಡಿ, ಒಂದು ಕಾರಿನ ಮುಚ್ಚಳ, ಇನ್ನೊಂದರ ಥರ್ಮೋಸ್ಟ್ಯಾಟ್, ಸಾಮಾನು ಸಾಗಿಸುವ ವ್ಯಾನಿನ ಪೈಪು ತಂದೆವು. ಅಳತೆಯನ್ನು ಖುದ್ದು ನಾನೇ ತೆಗೆದೆ. ವ್ಯಾಸ ಸರಿ, ಮುಚ್ಚಳದ ತಿರುಪು ಸರಿ. ಮುಚ್ಚಳ ಎಷ್ಟು ಒತ್ತಡ ತಡೆಯುತ್ತದೆ, ಥರ್ಮೋಸ್ಟ್ಯಾಟ್ ಎಷ್ಟು ಬಿಸಿಗೆ ತೆರೆದುಕೊಂಡು ನೀರು ಬಿಡುತ್ತದೆ ಎಂಬುದನ್ನು ಮಾತ್ರ ಅವನೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

“ಏಕದಮ್ ಫಿಟ್ ಬೈಠಾ ಸಾಬ್! ಜರ್ಮನಿವಾಲಾ ಭೀ ನಹೀ ಪೆಹಚಾನೇಗಾ!” ಎಂದು, ಜರ್ಮನಿಯವನಿಗೂ ಗುರುತು ಸಿಗದೆಂಬ ಭರವಸೆ ಕೊಟ್ಟು ಮುಶರಫ ಬಾನೆಟ್ ಮುಚ್ಚಿದ. ಬೆಳಗಿನ ತಂಪಿನಲ್ಲಿ ಬಿಲ್ಡಿಂಗ್ ಸುತ್ತ ಒಂದು ಸುತ್ತು ಹಾಕಿದೆ. ಕಾರು ಬೆಣ್ಣೆಯಂತೆ ಓಡಿತು!

ನಿಶ್ಚಿತಾರ್ಥ ಮೇ ತಿಂಗಳ ಒಂದು ಬುಧವಾರ, ವಿಲೆ ಪಾರ್ಲೆಯ ಕಲ್ಯಾಣಮಂಟಪದಲ್ಲಿ. ನಮ್ಮಲ್ಲಿ ಆ ದಿನದ ಮುಖ್ಯ ಶಾಸ್ತ್ರವೆಂದರೆ ವೀಳ್ಯ ಬದಲಿಸುವುದು. ಎಲೆ, ಅಡಿಕೆ, ತೆಂಗಿನಕಾಯಿಯ ತಾಟು ಹಿಡಿದು ಹೆಣ್ಣಿನ ತಂದೆ ನಿಲ್ಲಬೇಕು, ಎದುರಿಗೆ ಗಂಡಿನ ತಂದೆ. ತಾಟು ಕೈ ಬದಲಾದರೆ ಮಗಳು ಆ ಮನೆಯವಳಾದಂತೆ. ನನಗಿರುವುದು ಒಬ್ಬಳೇ ಮಗಳು. ಆ ಗಳಿಗೆಗಾಗಿ ಕನ್ನಡಿಯ ಮುಂದೆ ಖಾಲಿ ತಾಟು ಹಿಡಿದು ಅಭ್ಯಾಸ ಮಾಡಿದ್ದೆ, ಕಣ್ಣೀರು ಬಂದರೆ ಹೇಗೆ ತಡೆಯಬೇಕು ಎಂಬುದನ್ನೂ ಸೇರಿಸಿ.

“ಶಶಿ, ಲೋಕಲ್ ಟ್ರೇನ್‌ದಾಗ ಹೋಗೂಣು ಬಾ. ದಾದರ್‌ದಾಗ ಗಾಡಿ ಬದಲಿ ಮಾಡಿದ್ರ ಮುಗೀತು,” ಎಂದ ಕುತುಬುದ್ದೀನ.

“ಹೆಣ್ಣಿನ ಅಪ್ಪ ಲೋಕಲ್‌ದಾಗ ಜೋತಾಡಿಕೊಂತ ಹೋಗೂದೇನೋ? ನೀ ಹೋಗು!”

ಅವನು ಹೋದ. ನಾವು ಕಾರು ಹತ್ತಿದೆವು. ಮುಂದೆ ನಾನು ಮತ್ತು ಮಾಧುರಿ, ಹಿಂದೆ ಸಿಂಗಾರಗೊಂಡ ಸ್ನೇಹಲ್, ಪಕ್ಕದಲ್ಲಿ ಇಳಕಲ್ ಸೀರೆಯ ನನ್ನ ಅವ್ವ ರಾಚವ್ವ. ಪವಯಿ ತಲುಪುವವರೆಗೆ ನಾನು ಚಕ್ರವರ್ತಿ! ಪವಯಿಯಲ್ಲಿ ಟ್ರಾಫಿಕ್ ನಿಂತಿತು. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಏಳತೊಡಗಿತು.

ಮೊದಲು ಎಸಿ ಆರಿಸಿದೆ. ಮುಳ್ಳು ಇಳಿಯಲಿಲ್ಲ. ಹೀಟರ್ ಹಚ್ಚಿದರೆ ಎಂಜಿನ್ನಿನ ಬಿಸಿ ಒಳಗೆ ಬಂದು ಅದು ತಣ್ಣಗಾಗುತ್ತದೆ ಎಂದು ಎಲ್ಲೋ ಕೇಳಿದ್ದೆ. ಹಚ್ಚಿದೆ, ಪೂರ್ತಿ ಜೋರಿನಲ್ಲಿ. ಮುಂಬಯಿಯ ಮೇ ತಿಂಗಳಲ್ಲಿ!

“ತಮ್ಮಾ, ಈ ಕಾರಿನಾಗ ಒಲಿ ಎಲ್ಲಿ ಇಟ್ಟಾರೋ?” ಎಂದಳು ಅವ್ವ.

“ಪಪ್ಪಾ ಪ್ಲೀಸ್! ಮೇಕಪ್ ಪೂರಾ ಮೆಲ್ಟ್ ಆಗಾಕತ್ತೈತಿ! ಖಿಡಕಿ ಖೋಲೋ ನಾ!” ಎಂದಳು ಸ್ನೇಹಲ್.

ಮಾಧುರಿ ಏನೂ ಅನ್ನಲಿಲ್ಲ. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಹೆಂಡತಿ ಏನೂ ಅನ್ನದಿದ್ದರೆ ಗಂಡಸು ಕಾರಿನಿಂದ ಹಾರುವುದು ಲೇಸು. ಅಷ್ಟರಲ್ಲಿ ಹಾರಿದ್ದು ಮುಚ್ಚಳ. ‘ಫಟ್’ ಎಂಬ ಸದ್ದು, ಬಾನೆಟ್ಟಿನಿಂದ ಹಬೆ, ಹಿಂದಿನವರ ಹಾರ್ನು! ಹೇಗೋ ಕಾರನ್ನು ಪಕ್ಕಕ್ಕೆ ತಳ್ಳಿ, ಒಂದು ರಿಕ್ಷಾ ತಡೆದು ಮೂವರನ್ನೂ ಕೂರಿಸಿದೆ.

“ನೀವೂ ಬರ್ರಿ. ಇನ್ನೊಂದು ರಿಕ್ಷಾ ಹಿಡೀರಿ. ಈ ಡಬ್ಬಿ ಇಲ್ಲೇ ಬಿದ್ದಿರ್ಲಿ,” ಎಂದಳು ಮಾಧುರಿ.

“ಜರ್ಮನ್ ಕಾರ್ ರಸ್ತೇದ ಮ್ಯಾಲ ಬಿಟ್ಟು ಬರ್ಲೇನು? ನೀವು ಮುಂದ ನಡೀರಿ. ತಣ್ಣಗಾದ ಕೂಡ್ಲೇ ಬಂದೆ.”

ಸ್ನೇಹಲ್ ರಿಕ್ಷಾದಿಂದ ತಲೆ ಹೊರಹಾಕಿ, “ಪಪ್ಪಾ, ಜಲ್ದಿ ಬಾ ಹಾಂ,” ಎಂದಳು.

ಆ ರಿಕ್ಷಾದ ಹಿಂದೆ ನಾನು ಓಡಬೇಕಾಗಿತ್ತು. ಓಡಲಿಲ್ಲ. ಕಾರಿಗೆ ನೀರು ತರಲು ಓಡಿದೆ. ಮುಚ್ಚಳದ ತಪ್ಪನ್ನು ನಾನು ನಕ್ಕು ಮರೆಯಬಲ್ಲೆ. ಇದನ್ನಲ್ಲ.

ಕಾದ ಎಂಜಿನ್ನಿಗೆ ತಣ್ಣೀರು ಸುರಿದೆ. ಒಳಗೆ ಏನೋ ‘ಟಣ್’ ಎಂದಿತು, ಆಮೇಲೆ ಎಂಜಿನ್ ಶುರುವಾಗಲೇ ಇಲ್ಲ. ಮಾಧುರಿಯಿಂದ ಫೋನಿನ ಮೇಲೆ ಫೋನು. “ಎಲ್ಲಿದ್ದೀರಿ?” “ಇಕಾ, ಬಂದೆ!” “ರಾಹುಕಾಲ ಹತ್ತಾಕ ಬಂತ್ರೀ!” “ಬಂದೇ ಬಿಟ್ಟೆ!” ಕೊನೆಗೆ ನನ್ನ ಕಾರು ಕಲ್ಯಾಣಮಂಟಪದ ಮುಂದೆ ಬಂದದ್ದು ನಿಜ. ಎಳೆದೊಯ್ಯುವ ಲಾರಿಯ ಮೇಲೆ ಕುಳಿತು ಬಂತು. ನಾನು ಲಾರಿ ಡ್ರೈವರನ ಪಕ್ಕದಲ್ಲಿದ್ದೆ. ರೇಷ್ಮೆ ಅಂಗಿಯ ಮೇಲೆಲ್ಲ ತುಕ್ಕುಬಣ್ಣದ ನೀರು.

ಬಾಗಿಲಲ್ಲಿ ಬೀಗರ ಕಡೆಯ ಹಿರಿಯರೊಬ್ಬರು ನಿಂತಿದ್ದರು. “ಗಾಡಿ ಹಿಂದ ಹಚ್ಚಪಾ. ಡ್ರೈವರ್ ಮಂದಿ ಊಟ ಕೆಳಗೈತಿ,” ಎಂದರು. ಒಳಗೆ ಎಲ್ಲರೂ ಊಟಕ್ಕೆ ಕುಳಿತಿದ್ದರು. ವೀಳ್ಯ ಬದಲಾಗಿ ಹೋಗಿತ್ತು!

ನಡೆದದ್ದನ್ನು ಮಾಧುರಿ ಹೇಳಿದಳು. ನನ್ನನ್ನು ಕಾಯುವಷ್ಟು ಕಾದರಂತೆ. ರಾಹುಕಾಲದ ಮುಂಚೆ ಮುಗಿಸಲೇಬೇಕು ಎಂದರಂತೆ ಶಾಸ್ತ್ರ ಮಾಡಿಸುವ ಅಯ್ಯನವರು. ನನಗೆ ಅಣ್ಣತಮ್ಮಂದಿರಿಲ್ಲ. ಮಾಧುರಿಯ ಅಣ್ಣ ಊರಿನಲ್ಲಿ ಕಾಲು ಮುರಿದುಕೊಂಡು ಮಲಗಿದ್ದ. ಆಗ ನನ್ನ ಅವ್ವ ಎದ್ದು, “ಕುತುಬ, ಏಳಪಾ. ನನ್ನ ಕೈಯಾಗಿನ ರೊಟ್ಟಿ ಉಂಡಾವ ನೀ. ಶಶಿ ಜಾಗಾದಾಗ ನಿಂದ್ರು,” ಎಂದಳಂತೆ. ಗಂಡಿನ ತಂದೆ ಸಿದ್ದರಾಮಪ್ಪನವರು, “ಹಿರ್‍ಯಾರು ಹೇಳಿದ ಮ್ಯಾಲ ಮುಗೀತು,” ಎಂದು ಕೈ ಮುಂದೆ ಚಾಚಿದರಂತೆ.

ಕುತುಬುದ್ದೀನ ನನ್ನ ಬಳಿ ಬಂದು, “ತಪ್ಪ ತಿಳೀಬ್ಯಾಡೋ ಶಶಿ,” ಎಂದ. ಅವನ ಕೈ ಹಿಡಿದೆ. ಅಭ್ಯಾಸ ಮಾಡಿದ್ದ ಯಾವ ಉಪಾಯಕ್ಕೂ ಕಣ್ಣೀರು ನಿಲ್ಲಲಿಲ್ಲ.

ಸ್ನೇಹಲ್ ಬೈಯಲಿಲ್ಲ. “ಪಪ್ಪಾ, ನಾ ಗೇಟ್ ಕಡೇನೇ ನೋಡಾಕತ್ತಿದ್ದೆ,” ಎಂದಳು ಅಷ್ಟೇ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮುಂದಿನ ವಾರ ಫೋಟೋಗ್ರಾಫರ್ ಶರಣ ಮನೆಗೆ ಫೋಟೋ ತಂದ. ನಡುವೆ ತಾಟು, ಆ ಕಡೆ ಸಿದ್ದರಾಮಪ್ಪ, ಈ ಕಡೆ ತಾನೇ ಹೊಲಿದ ಶೇರವಾನಿಯಲ್ಲಿ ಕುತುಬುದ್ದೀನ. ಅವನ ಕಣ್ಣು ತುಂಬಿ ಬಂದಿತ್ತು. ನಾನು ಬಹಳ ಹೊತ್ತು ಅದನ್ನೇ ನೋಡುತ್ತ ಕುಳಿತದ್ದು ಕಂಡು ಶರಣನಿಗೆ ಕನಿಕರ ಬಂತು.

“ಕಾಕಾ, ಚಿಂತಿ ಬ್ಯಾಡ. ಕಂಪ್ಯೂಟರ್‌ದಾಗ ಇವರ ಮಾರಿ ತಗದು ನಿಮ್ಮ ಮಾರಿ ಕುಂದರಿಸ್ತೀನಿ. ಅಳತಿ ಬರೋಬ್ಬರಿ ಬರ್ತೈತಿ. ಭಾಳ ಸಸ್ತಾದಾಗ ಆಗ್ತೈತಿ, ಯಾರಿಗೂ ಗೊತ್ತಾಗಂಗಿಲ್ಲ!”

ಮಾಧುರಿ ಅಡುಗೆಮನೆಯಿಂದ ಹೊರಬಂದು ನನ್ನ ಮುಖ ನೋಡಿದಳು.

“ಬ್ಯಾಡೋ ಶರಣ,” ಎಂದೆ. “ಇದೊಂದು ಒರಿಜಿನಲ್ಲೇ ಇರ್ಲಿ.”