ದಕ್ಷಿಣದ ಗೋಡೆಗೆ ಮಾವ

ಮಾವ ಜಯರಾಮಯ್ಯನವರ ಫೋಟೋ ಸುದರ್ಶನನ ಮನೆಯ ಬೀರುವಿನ ಹಿಂದೆ ಎರಡು ವರ್ಷದಿಂದ ಗೋಡೆಗೆ ಮುಖ ಮಾಡಿಕೊಂಡು ಕೂತಿತ್ತು. ಹೆಡ್‌ಮಾಸ್ಟರಾಗಿ ನಿವೃತ್ತರಾದ ದಿನ ಶಾಲು, ಪೇಟ, ಹಣ್ಣಿನ ಬುಟ್ಟಿ ಸಮೇತ ತೆಗೆಸಿಕೊಂಡದ್ದು. ಕಟ್ಟು ಹಾಕಿಸಿ ಮಗಳ ಮನೆಗೆ ತಾವೇ ಹೊತ್ತು ತಂದಿದ್ದರು. ಅದನ್ನು ನೇತುಹಾಕುವುದು ಅಳಿಯನ ಕೆಲಸ. ಅಳಿಯನೋ, ಕೆ.ಆರ್. ಪೇಟೆಯ ಒಂದು ಸೊಸೈಟಿಯಲ್ಲಿ ಗುಮಾಸ್ತ, ಕಾಗದಕ್ಕೆ ಗುಂಡುಪಿನ್ನು ಹಾಕುವಾಗಲೂ ಬೆರಳಿಗೆ ಚುಚ್ಚಿಕೊಳ್ಳುವ ಪೈಕಿ.

ಭಾನುವಾರ ಬೆಳಿಗ್ಗೆ ಶ್ರೀರಂಗಪಟ್ಟಣದಿಂದ ಫೋನು ಬಂತು.

"ಇವತ್ತು ಬರ್ತಾ ಇದ್ದೀನಿ ಸುದರ್ಶನ. ಫೋಟೋ ಹಾಕಿದ್ರೆ ರಾತ್ರಿ ಇದ್ದು ಬೆಳಿಗ್ಗೆ ಹೊರಡ್ತೀನಿ. ಹಾಕಿಲ್ದೆ ಇದ್ರೆ ಅಲ್ಲೇ ಉಳ್ಕೊಂಡು ನಿನಗೆ ಕೆಲಸ ಕಲಿಸ್ತೀನಿ."

ಹೋದ ಸಲ ಹೀಗೇ ಕಲಿಸಲು ನಿಂತವರು ಒಂದು ತಿಂಗಳು ಇದ್ದರು. ನಲ್ಲಿ ನಿಲ್ಲಿಸುವುದು ಹೇಗೆ, ಬನಿಯನ್ನು ಮಡಿಸುವುದು ಹೇಗೆ, ಅನ್ನ ಕಲೆಸುವುದು ಹೇಗೆ, ಒಂದನ್ನೂ ಬಿಟ್ಟಿರಲಿಲ್ಲ. ಎದುರುಮನೆಯ ಯಶೋದಮ್ಮನಿಗೆ ರಂಗೋಲಿಯ ಗೆರೆ ನೇರ ಮಾಡಲು ಹೋಗಿ ಬೈಸಿಕೊಂಡೂ ಬಂದಿದ್ದರು. ಆ ತಿಂಗಳು ಸುದರ್ಶನ ಮನೆಗೆ ಬರಲು ಹೆದರಿ ಸಂಜೆಯೆಲ್ಲ ಬಸ್‌ಸ್ಟ್ಯಾಂಡಿನಲ್ಲಿ ಕೂತು ಕಳೆದಿದ್ದ. ಇನ್ನೊಂದು ಅಂಥ ತಿಂಗಳು ಬಂದರೆ ತಾನು ಉಳಿಯುವುದಿಲ್ಲ ಎಂದು ಅವನಿಗೆ ಖಾತ್ರಿಯಿತ್ತು.

"ಅಪ್ಪನ್ನ ಬಸ್ಸಿಂದ ಇಳಿಸ್ಕೊಂಡು ಹೊಸಹೊಳಲು ದೇವಸ್ಥಾನಕ್ಕೆ ಹೋಗಿ ಐದು ಗಂಟೆಗೆ ಬರ್ತೀನಿ ರೀ," ಎಂದು ಹೆಂಡತಿ ಕೌಸಲ್ಯ ಚಪ್ಪಲಿ ಮೆಟ್ಟಿದಳು. "ಅಷ್ಟರಲ್ಲಿ ಅದು ಗೋಡೆ ಮೇಲಿರ್ಲಿ. ಆಮೇಲೆ ನನ್ನ ಕೇಳ್ಬೇಡಿ."

ಮೂರು ಮೊಳೆ ಬಾಗಿದವು. ಸದ್ದು ಕೇಳಿ ಪಕ್ಕದ ಮನೆಯ ಹೊನ್ನಪ್ಪ ಒಳಗೆ ಬಂದ. ಬಸ್ ಡ್ರೈವರಾಗಿ ರಿಟೈರ್ ಆದವನು, ಯಾರ ಮನೆಯ ಕೆಲಸಕ್ಕೂ ಕರೆಯದೇ ಬರುವವನು.

"ಈ ಗೋಡೆ ಮೊಳೆಗೆ ಜಗ್ಗಕಿಲ್ಲ ಸ್ವಾಮಿ. ನನ್ ತಾವ ಬ್ಯಾಟ್ರಿ ಡ್ರಿಲ್ಲದೆ. ಸುತ್ಗೆ ತರ ಬಡೀತದೆ, ಬೈರ್ಗೆ ತರ ತಿರುಗ್ತದೆ. ತಂದು ವರ್ಸಾಯ್ತು, ಇನ್ನೂ ಬೋಣಿ ಆಗಿಲ್ಲ."

ಬೋಣಿ ಎಂಬ ಮಾತು ಎದುರುಮನೆಗೆ ಕೇಳಿಸಿತು. ಯಶೋದಮ್ಮ ಅರಿಸಿನ ಕುಂಕುಮದ ತಟ್ಟೆ ಹಿಡಿದುಕೊಂಡೇ ಬಂದಳು. "ಪೂಜೆ ಮಾಡ್ದೆ ಮಿಸಿನ್ ಮುಟ್ಟಾರಾ ಸ್ವಾಮಿ, ಓದ್ದೋರಾಗಿ ನೀವು?" ಎಂದು ಡ್ರಿಲ್ಲಿನ ಹಣೆಗೆ ಕುಂಕುಮವಿಟ್ಟು, ಕುತ್ತಿಗೆಗೆ ಮಲ್ಲಿಗೆ ದಂಡೆ ಕಟ್ಟಿ, ಒಲೆಯ ಮೇಲೆ ಸಾರಿದೆ ಎಂದು ಹೊರಟುಹೋದಳು. ಸುದರ್ಶನ ಭಕ್ತಿಯಿಂದ, ಬಂದೂಕಿನ ಕುದುರೆಯಂತಿದ್ದ ಅದರ ಗುಂಡಿ ಒತ್ತಿದ. ದಂಡೆ ಗಿರ್ರನೆ ಸುತ್ತಿಕೊಂಡು, ಕೊರೆಯುವ ಕಡ್ಡಿ ಕೂರುವ ಬಾಯಿಯೊಳಗೆ ಹೋಯಿತು. ನಾರನ್ನು ಪಿನ್ನಿನಿಂದ ಎಳೆ ಎಳೆಯಾಗಿ ಕೀಳುವಷ್ಟರಲ್ಲಿ ಹನ್ನೊಂದು ಹೊಡೆಯಿತು.

ಡ್ರಿಲ್ಲಿನ ಜೊತೆ ಒಂದು ಪುಸ್ತಕವಿತ್ತು. ಅದರ ಚಿತ್ರದಲ್ಲಿ ಒಬ್ಬ ಕಣ್ಣಿಗೆ ದಪ್ಪ ಕನ್ನಡಕ, ಬಾಯಿಗೆ ಬಟ್ಟೆ ಕಟ್ಟಿಕೊಂಡು ನಿಂತಿದ್ದ. ಗೋಡೆಯೊಳಗೆ ಪೈಪು, ವೈರು ಇದೆಯೇ ನೋಡಿಕೊಳ್ಳಿ ಎಂದೂ ಬರೆದಿತ್ತು.

"ಅವೆಲ್ಲ ಫಾರಿನ್ನೋರ್ಗೆ," ಎಂದು ಹೊನ್ನಪ್ಪ ಪುಸ್ತಕ ಕಿತ್ತು ಕಿಟಕಿಯಲ್ಲಿಟ್ಟ. "ನೀವು ಅದುಮಿ ಸ್ವಾಮಿ."

ಸುದರ್ಶನ ಪೂರ್ವದ ಗೋಡೆಯ ಮೇಲೆ ಅದುಮಿದ. ತೋಳು ಬಿದ್ದುಹೋಗುವಷ್ಟು ಅದುಮಿದರೂ ಗೋಡೆ ನುಣ್ಣಗೆ ಹೊಳೆಯಿತೇ ಹೊರತು ತೂತಾಗಲಿಲ್ಲ. ಬ್ಯಾಟರಿ ಸತ್ತಿತು. ಅದು ಚಾರ್ಜಾಗಲು ಕಾದು ಕೂತಾಗ ಗೊತ್ತಾಯಿತು, ಹಿಡಿಯ ಮೇಲಿನ ಗುಂಡಿ ಹಿಂದುಮುಂದಾಗಿದ್ದು ಇಷ್ಟು ಹೊತ್ತು ಡ್ರಿಲ್ಲು ಉಲ್ಟಾ ತಿರುಗುತ್ತಿತ್ತು.

"ಅಂಗಾರೆ ರಿವರ್ಸ್ ಗೇರಲ್ಲಿತ್ತು ಅನ್ನಿ," ಎಂದ ಹೊನ್ನಪ್ಪ, ತನಗೂ ಇದಕ್ಕೂ ಸಂಬಂಧವೇ ಇಲ್ಲದವನ ಹಾಗೆ. "ಈ ಗೋಡೆ ಕೆಟ್ಟೋಯ್ತು ಬುಡಿ. ಪಶ್ಚಿಮಕ್ಕೆ ಹಾಕವ."

ಪಶ್ಚಿಮದ ಗೋಡೆಯ ಆಚೆ ಬಚ್ಚಲು. ಈ ಸಲ ಡ್ರಿಲ್ಲು ಸರಿಯಾಗಿ ತಿರುಗಿತು, ಗೋಡೆಯೊಳಗಿನ ಪೈಪಿನವರೆಗೂ ಸಲೀಸಾಗಿ ಹೋಯಿತು. ನೀರು ಚಿಮ್ಮಿ ಸುದರ್ಶನನ ನೆತ್ತಿಯಿಂದ ಪಾದದವರೆಗೆ ತೋಯಿಸಿತು. ವಾಲ್ವು ತಿರುಗಿಸಿ ಬರುತ್ತೇನೆಂದು ಮಹಡಿ ಹತ್ತಿದ ಹೊನ್ನಪ್ಪ ಅತ್ತಲೇ ಮಾಯವಾದ. ಟ್ಯಾಂಕು ಬರಿದಾದ ಮೇಲೆ ನೀರು ತಾನಾಗಿ ನಿಂತಿತು.

ಗಂಟೆ ನಾಲ್ಕು. ಸುದರ್ಶನನಿಗೆ ಬದುಕು ಸಾಕೆನಿಸಿತ್ತು. ಉತ್ತರಕ್ಕೆ ಬರೀ ಕಿಟಕಿ. ಉಳಿದದ್ದು ದಕ್ಷಿಣದ ಗೋಡೆಯೊಂದೇ. ಸ್ಟೂಲು ಹತ್ತಿ, ಡ್ರಿಲ್ಲನ್ನು ತಲೆಯ ಮೇಲೆತ್ತಿ, ಎಲ್ಲ ದೇವರನ್ನೂ ನೆನೆದು ಒತ್ತಿದ. ಇಟ್ಟಿಗೆಯ ಕೆಂಪು ಧೂಳು ಸುರಿದು ಕಣ್ಣು ತುಂಬಿತು, ಗಂಟಲು ಕಟ್ಟಿತು. ಆದರೂ ತೂತು ಬಿತ್ತು. ಪ್ಲಗ್ಗು ಹೊಡೆದು, ಸ್ಕ್ರೂ ತಿರುಪಿ, ಮಾವನನ್ನು ನೇತುಹಾಕಿ ಕೆಳಗಿಳಿದು ಗೋಡೆಗೊರಗಿ ಕೂತ. ಆ ಹೊತ್ತಿನಲ್ಲಿ ದಿಕ್ಕು ನೋಡುವ ತಾಳ್ಮೆ ಯಾರಿಗಿರುತ್ತದೆ.

ಕೆಲಸ ಎಲ್ಲಿಗೆ ಬಂತೆಂದು ನೋಡಲು ಬಂದ ಯಶೋದಮ್ಮ ಬಾಗಿಲಲ್ಲೇ ನಿಂತಳು. ದಕ್ಷಿಣದ ಗೋಡೆಗೆ ಫೋಟೋ ಹಾಕುವುದು ತೀರಿಕೊಂಡವರದ್ದು ಮಾತ್ರ. ಅದರ ಕೆಳಗೆ ಅಳಿಯ ಉಟ್ಟ ಬಟ್ಟೆಯಲ್ಲೇ ತಲೆಗೆ ನೀರು ಹಾಕಿಕೊಂಡು ಕೂತಿದ್ದಾನೆ, ಕಣ್ಣಲ್ಲಿ ಧಾರಾಕಾರ.

"ಅಯ್ಯೋ ಸಿವನೆ. ಯಾವಾಗ ಓದ್ರು ಸ್ವಾಮಿ?"

ಸುದರ್ಶನ ಹೌಹಾರಿ ಬಾಯಿ ತೆರೆದ. ಸ್ವರ ಹೊರಡಲಿಲ್ಲ. ಎರಡೂ ಕೈ ಆಡಿಸಿ ಇಲ್ಲ ಎಂದ. ಫೋಟೋ ತೋರಿಸಿದ, ಐದು ಬೆರಳೆತ್ತಿದ, ಬಾಗಿಲ ಕಡೆ ಕೈಮಾಡಿದ.

"ಐದ್ ಗಂಟ್ಗೆ ಇಲ್ಲಿಗೇ ತತ್ತಾವ್ರಂತೆ," ಎಂದು ಯಶೋದಮ್ಮ ಬೀದಿಗೆ ಹೇಳಿದಳು.

ಹತ್ತು ನಿಮಿಷದಲ್ಲಿ ಮನೆ ತುಂಬಿತು. ಯಾರೋ ಹಾರ ತಂದು ಹಾಕಿದರು, ಯಾರೋ ಊದುಬತ್ತಿ ಹಚ್ಚಿದರು. ಸುದರ್ಶನ ಹಾರ ಕೀಳಲು ಎದ್ದರೆ ಇಬ್ಬರು ತಬ್ಬಿ ಹಿಡಿದು ಸಮಾಧಾನ ಮಾಡಿದರು. ಅಷ್ಟರಲ್ಲಿ ಹೊನ್ನಪ್ಪನೂ ಪ್ರತ್ಯಕ್ಷನಾದ. "ಅದ್ಕೇ ಕಣವ್ವ ಬೆಳಗ್ಗಿಂದ ಅಷ್ಟು ಅರ್ಜೆಂಟ್ ಮಾಡ್ತಿದ್ರು. ನನ್ಗೂ ಒಂದ್ಮಾತು ಯೋಳ್ನಿಲ್ಲ," ಎಂದು ಟವೆಲ್ಲಿನಿಂದ ಮೂಗೊರೆಸಿಕೊಂಡ.

ಯಶೋದಮ್ಮ ರಾಗ ಎಳೆದಳು. "ಎಂತಾ ಮನುಸ್ರು. ನನ್ ರಂಗೋಲಿ ಗೆರೆ ನೆಟ್ಗಾಗಿದ್ದೇ ಅವ್ರಿಂದ. ದೇವ್ರಂತೋರ್ಗೇ ಬಾಯಿ ಮಾಡ್ಬುಟ್ನಲ್ಲಪ್ಪೋ."

ಆಟೋ ನಿಂತಿತು. ಜಯರಾಮಯ್ಯನವರು ಪ್ರಸಾದದ ಪೊಟ್ಟಣ ಹಿಡಿದು ಇಳಿದರು, ಹಿಂದೆ ಕೌಸಲ್ಯ. ಜನ ಎರಡು ಭಾಗವಾಗಿ ದಾರಿ ಬಿಟ್ಟಿತು. ಯಶೋದಮ್ಮನ ರಾಗ ಅರ್ಧಕ್ಕೆ ನಿಂತಿತು. ಮಾವ ಗೋಡೆ ನೋಡಿದರು, ಹಾರ ನೋಡಿದರು, ಹೊಗೆಯಾಡುವ ಊದುಬತ್ತಿ ನೋಡಿದರು. ಸುದರ್ಶನ ನೆಲಕ್ಕೆ ಕುಸಿದು ಅವರ ಕಾಲು ಹಿಡಿದ. ಇನ್ನು ಬೈಗುಳವೊಂದೇ ಬಾಕಿ. ಬೈದು, ಸಿಟ್ಟಿನಲ್ಲಿ ಇದೇ ಆಟೋ ಹತ್ತಿ ಹೋಗಿಬಿಟ್ಟರೆ ಅಷ್ಟೇ ಪುಣ್ಯ ಎಂದುಕೊಂಡ.

ಜಯರಾಮಯ್ಯನವರು ಕುರ್ಚಿ ಎಳೆದುಕೊಂಡು ಫೋಟೋದ ಕೆಳಗೆ ಕೂತರು.

"ನಿಲ್ಲಿಸಿದ್ಯಾಕಮ್ಮ, ಮುಂದೆ ಹೇಳಿ," ಎಂದರು ಯಶೋದಮ್ಮನಿಗೆ.

ಅವಳು ಹೇಳಿದಳು. ಇನ್ನೂ ನಾಲ್ಕು ಜನ ಹೇಳಿದರು. ಮಾವ ಕಣ್ಣು ಮುಚ್ಚಿ ತಲೆದೂಗುತ್ತ ಕೊನೆಯವರೆಗೂ ಕೇಳಿ, ಮಗಳ ಕಡೆ ತಿರುಗಿದರು.

"ಕೌಸಲ್ಯ, ನಾನು ಮೇಷ್ಟ್ರಾಗಿದ್ದ ಊರಲ್ಲಿ ನನ್ನ ನೋಡಿದ್ರೆ ಜನ ರಸ್ತೆ ಆ ಕಡೆ ದಾಟ್ತಾರೆ. ಇಲ್ಲಿ ನೋಡು. ನಾಳೇನೇ ಟೆಂಪೋಲಿ ನನ್ನ ಸಾಮಾನು ತರಿಸಿಬಿಡು. ಸಾಯೋದಾದ್ರೆ ಈ ಬೀದೀಲೇ ಸಾಯ್ಬೇಕು."

ಸುದರ್ಶನ ಬೇಡ ಎನ್ನಲು ಬಾಯಿ ತೆರೆದ. ಒಂದಿಷ್ಟು ಕೆಂಪು ಧೂಳು ಹೊರಬಂತು, ಮಾತು ಬರಲಿಲ್ಲ. ಬಿಕ್ಕಿ ಬಿಕ್ಕಿ ಅತ್ತ, ಈ ಸಲ ನಿಜವಾಗಿ.

"ನೋಡ್ರಪ್ಪ," ಎಂದಳು ಯಶೋದಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, "ಅಳೀಮಯ್ನಿಗೆ ಸಂತೋಸ ತಡ್ಕಳಕ್ಕಾಯ್ತಿಲ್ಲ."