ಮಾವನ ಕಾರಿನ ಬಿಚ್ಚಲೊಲ್ಲದ ಸ್ಟೇರಿಂಗ್

ನಮ್ಮ ಸೋದರಮಾವನ ಕೈಗೆ ಸಿಕ್ಕಿಯೂ ಬಿಚ್ಚದೆ ಉಳಿದ ವಸ್ತು ಈ ಭೂಮಿಯ ಮೇಲೆ ಒಂದೇ ಒಂದು! ಹಾಗೆ ನೋಡಿದರೆ ಅವನು ಬಿಚ್ಚದ್ದೇನಿದೆ? ಗೋಡೆ ಗಡಿಯಾರ ಬಿಚ್ಚಿದ್ದಾನೆ, ಮಿಕ್ಸಿ ಬಿಚ್ಚಿದ್ದಾನೆ, ಹೊಲಿಗೆ ಯಂತ್ರ ಬಿಚ್ಚಿದ್ದಾನೆ. ಒಮ್ಮೆ ನಮ್ಮ ಮನೆಗೆ ಊಟಕ್ಕೆ ಬಂದವನು, ಕುಕ್ಕರು ಸರಿಯಾಗಿ ಕೂಗುತ್ತಿಲ್ಲವೆಂದು ಅದನ್ನು ಒಲೆಯಿಂದ ಇಳಿಸಿ ಬಿಚ್ಚಿ ಕೂತ. ಅವತ್ತು ನಾವೆಲ್ಲ ಮಂಡಕ್ಕಿ ತಿಂದು ಮಲಗಿದೆವು. ಬಿಚ್ಚಿದ್ದನ್ನು ಮತ್ತೆ ಜೋಡಿಸುತ್ತಾನೆಯೇ ಎಂದು ಕೇಳಬೇಡಿ. ಜೋಡಿಸುತ್ತಾನೆ. ಕೊನೆಗೆ ಎರಡು ಸ್ಕ್ರೂ ಉಳಿಯುತ್ತವೆ, ಅಷ್ಟೆ! "ಮಾಡಿದವ್ರು ಹೆಚ್ಚಿಗಿ ಹಾಕಿರ್ತಾರವ್ವಾ" ಎಂದು ಅವನ್ನು ಡಬ್ಬಿಗೆ ಹಾಕುತ್ತಾನೆ.

ಇಂಥ ಮಹಾನುಭಾವನಿಗೆ ಮಣ್ಣು ಮುಕ್ಕಿಸಿದ್ದು ಅವನದೇ ಹಳೆಯ ಅಂಬಾಸಡರ್ ಕಾರಿನ ಸ್ಟೇರಿಂಗ್.

ಮಾವ ಸಂಡೂರಿನ ಗಣಿಯೊಂದರ ವರ್ಕ್‌ಶಾಪಿನಲ್ಲಿ ಅದಿರು ಹೊರುವ ಲಾರಿಗಳನ್ನು ರಿಪೇರಿ ಮಾಡುತ್ತ ಆಯುಷ್ಯ ಕಳೆದವನು. ಮದುವೆಯಾಗಲಿಲ್ಲ. ಈಗ ಹೊಸಪೇಟೆಯ ಒಂದು ಓಣಿಯಲ್ಲಿ ಎರಡು ಕೋಣೆಯ ಮನೆ, ಮುಂದೊಂದು ತಗಡಿನ ಚಪ್ಪರ, ಚಪ್ಪರದಡಿ ಈ ಕಾರು. ಕಾರಿನ ರೋಗ ಏನೆಂದರೆ, ಎಡಕ್ಕೆ ತಿರುಗಿಸಿದರೆ ಅದು ಸ್ವಲ್ಪ ಹೊತ್ತು ಯೋಚಿಸುತ್ತಿತ್ತು, ಮನಸ್ಸಾದರೆ ತಿರುಗುತ್ತಿತ್ತು. ಸ್ಟೇರಿಂಗಿನ ಕೆಳಗಿನ ಬುಷ್ ಸವೆದಿದೆ, ಅದನ್ನು ಬದಲಿಸಲು ಮೊದಲು ಸ್ಟೇರಿಂಗನ್ನು ಹೊರಗೆ ತೆಗೆಯಬೇಕು ಎಂದು ಮಾವ ತೀರ್ಮಾನಿಸಿದ. ನಡುವಿನ ನಟ್ಟು ಸಲೀಸಾಗಿ ಸಡಿಲವಾಯಿತು. ಸ್ಟೇರಿಂಗ್ ಮಾತ್ರ ಜಪ್ಪಯ್ಯ ಅನ್ನಲಿಲ್ಲ! ಒಳಗಿನ ಸರಳಿನ ಹಲ್ಲುಗಳಿಗೆ ತುಕ್ಕು ಹಿಡಿದು, ಸರಳೂ ಸ್ಟೇರಿಂಗೂ ಒಂದನ್ನೊಂದು ಕಚ್ಚಿಕೊಂಡು ಕೂತಿದ್ದವು.

ತಗಡಿನಡಿ ನಿಂತ ಕಾರಿಗೆ ಅಲ್ಲೇ ತುಕ್ಕು ಯಾಕೆ? ಅದು ನಮ್ಮಜ್ಜಿಯ ಕೃಪೆ. ಆಯುಧಪೂಜೆಯ ದಿನ ಊರಿನವರೆಲ್ಲ ಗಾಡಿಯ ಮುಂದೆ ಕಾಯಿ ಒಡೆದರೆ, ನಮ್ಮಜ್ಜಿ ಒಡೆದ ಕಾಯಿಯ ನೀರನ್ನು ಸೀದಾ ಹಾರ್ನಿನ ಗುಂಡಿಯ ಮೇಲೆ ಸುರಿಯುತ್ತಿದ್ದಳು. ಯಾಕಜ್ಜಿ ಅಂದರೆ, "ದುಡಿಯೋ ಜೀವ, ಬಾಯಿ ಆರಿರ್ತೈತಿ. ಕೂಗೋದು ಇಲ್ಲಿಂದಲ್ಲೇನು? ಹಂಗಾದ್ರ ಬಾಯಿ ಇದ!" ಈ ತರ್ಕಕ್ಕೆ ಯಾರು ಎದುರಾಡಬೇಕು? ಅಜ್ಜಿ ತೀರಿಹೋಗಿ ಬಹಳ ಕಾಲವಾಯಿತು. ಕಾಯಿನೀರು ಮಾತ್ರ ಒಳಗೊಳಗೇ ತನ್ನ ಕೆಲಸ ಮಾಡುತ್ತಲೇ ಇತ್ತು.

ಇದರಲ್ಲಿ ನಾನು ಹೇಗೆ ಸಿಕ್ಕಿಕೊಂಡೆ ಅಂತೀರಾ? ನಾನು ಕಂಪ್ಲಿಯಲ್ಲಿ ಶಾಲೆಯ ಟೀಚರು. ಹೋದ ವರ್ಷ ನನ್ನ ಗಂಡ ಕಾಯಿಲೆಯಿಂದ ತೀರಿಕೊಂಡ. ಮಕ್ಕಳಿಲ್ಲ. ಸೋಮವಾರದಿಂದ ಶನಿವಾರದವರೆಗೆ ಪರವಾಗಿಲ್ಲ, ಶಾಲೆಯ ಗದ್ದಲ ಕಿವಿ ತುಂಬಿರುತ್ತದೆ. ಭಾನುವಾರ ಬಂದರೆ ಒಂದು ತಟ್ಟೆ, ಒಂದು ಲೋಟ ತೊಳೆದಿಟ್ಟರೆ ಕೆಲಸ ಮುಗಿಯುತ್ತದೆ, ಹೊತ್ತು ಮುಗಿಯುವುದಿಲ್ಲ. ಅಂಥ ಒಂದು ವಾರಾಂತ್ಯ ಮಾವನ ಫೋನು ಬಂತು.

"ಲೇ ಅವ್ವಾ, ಐತ್ವಾರ ಬಾ. ಸ್ಟೇರಿಂಗ್ ಎಳಿಯಾಕ ಒಂದಾಳು ಬೇಕಾಗೈತಿ."

"ನಾನೇನು ಎತ್ತೇನು ಮಾವ, ಎಳಿಯಾಕ?"

"ಎತ್ತು ಭಾಳ ತುಟ್ಟಿ. ನೀ ಬಾ."

ಪಾಪ, ಒಂಟಿ ಜೀವ, ಮಾತಿಗೊಬ್ಬರಿಲ್ಲ, ನಾನು ಹೋದರೆ ಅವನಿಗಾದರೂ ಒಂದು ದಿನ ಕಳೆಯುತ್ತದೆ ಎಂದುಕೊಂಡು ಬಸ್ಸು ಹತ್ತಿದೆ. ಅಲ್ಲಿಂದ ಪ್ರತಿ ಭಾನುವಾರ ಅದೇ ನನ್ನ ಕಾಯಕವಾಯಿತು.

ಕೆಲಸದ ಕ್ರಮ ಹೀಗೆ. ನಾನು ಡ್ರೈವರ್ ಸೀಟಿನಲ್ಲಿ ಕೂತು, ಸೆರಗು ಸಿಕ್ಕಿಸಿ, ಎರಡೂ ಮೊಣಕಾಲನ್ನು ಸ್ಟೇರಿಂಗಿನ ಕೆಳಗೆ ಒತ್ತಿ, ಎರಡೂ ಕೈಯಿಂದ ಅದನ್ನು ಎದೆಯತ್ತ ಎಳೆಯಬೇಕು. ಮಾವ ನಟ್ಟಿನ ಮೇಲೆ ಹಳೆಯ ಟವೆಲ್ಲಿನ ತುಂಡು ಹಾಸಿ, ಅದರ ಮೇಲೆ ಹಿತ್ತಾಳೆಯ ತುಂಡಿಟ್ಟು, ಸುತ್ತಿಗೆಯಿಂದ ಟಣ್ ಎಂದು ಹೊಡೆಯುತ್ತಾನೆ. "ನಟ್ಟು ಸಡ್ಲ ಬಿಟ್ಟೀನಿ, ಪೂರಾ ತಗದಿಲ್ಲ. ತಗದ್ರ ಹಾರಿ ನಿನ್ನ ಮುಖಕ್ಕ ಬಡಿತೈತಿ" ಎಂದು ಪ್ರತಿಸಲ ಹೇಳುತ್ತಾನೆ. ಅವನು ಹೊಡೆಯುವುದು, ನಾನು ಎಳೆಯುವುದು. ಹೊಸಪೇಟೆಯ ಬಿಸಿಲಿಗೆ ತಗಡು ಕಾಯುತ್ತದೆ, ಕಾರು ಕಾಯುತ್ತದೆ, ನಾನು ಬೇಯುತ್ತೇನೆ. ಎದುರು ಮನೆಯಾಕೆ ಬಾಗಿಲಲ್ಲಿ ನಿಂತು ಕೇಳುತ್ತಾಳೆ: "ಏನ್ರಿ, ಕಾರಿನ ಹಲ್ಲು ಕೀಳಾಕ ಹತ್ತೀರೇನ್ರಿ?"

ಮಾವ ತಲೆ ಎತ್ತದೆ ಹೇಳುತ್ತಾನೆ: "ಹೌದ್ರಿ. ನಿಮ್ಮ ಮನ್ಯಾಗ ಯಾರದಾರ ಕೀಳೋದು ಇದ್ರ ಕರಕೊಂಡ್ ಬರ್ರಿ."

ಓಣಿ ಅಂದ ಮೇಲೆ ಸಲಹೆಗಳಿಗೆ ಬರವೇ? ಒಬ್ಬರು ಸೀಮೆಎಣ್ಣೆ ಹಾಕಿ ಅಂದರು. ಒಬ್ಬರು ಹರಳೆಣ್ಣೆ. ಇನ್ನೊಬ್ಬರು ಹುಣಸೆ ರಸ, ಮತ್ತೊಬ್ಬರು ಕುದಿಯುವ ನೀರು. ಮಾವ ಯಾರ ಮನಸ್ಸನ್ನೂ ನೋಯಿಸುವವನಲ್ಲ, ಎಲ್ಲವನ್ನೂ ಸುರಿದ! ಇನ್ನೊಂದು ಚಮಚ ಸಾಸಿವೆ, ನಾಲ್ಕೆಲೆ ಕರಿಬೇವು ಬಿದ್ದಿದ್ದರೆ ಕಾರಿನಲ್ಲೇ ಸಾರು ತಯಾರಾಗುತ್ತಿತ್ತು.

ನಾನೊಮ್ಮೆ ಸೋತು ಹೇಳಿದೆ. "ಮಾವ, ಗ್ಯಾರೇಜಿನಾಗ ಪುಲ್ಲರ್ ಅಂತ ಇರ್ತೈತಂತಲ್ಲ, ಹಾಕಿ ತಿರುವಿದ್ರ ತಾನ ಬರ್ತೈತಂತ. ತರಿಸು."

ಮಾವನಿಗೆ ಕೆಂಡದಂಥ ಸಿಟ್ಟು ಬಂತು. "ಪುಲ್ಲರ್ ಹಾಕೋದು ಅಂದ್ರ ಆಪರೇಷನ್ ಮಾಡಿದಂಗ. ನನ್ನ ಕೈಯಾಗ ಹೆರಿಗಿ ನಾರ್ಮಲ್ ಆಗಬೇಕು!"

ಆಯಿತಪ್ಪ, ಆಗಲಿ ಎಂದು ಮತ್ತೆ ಎಳೆದೆ. ಮಧ್ಯಾಹ್ನ ಅವನೇ ಮಾಡಿದ ರೊಟ್ಟಿ, ಬದನೆಕಾಯಿ ಪಲ್ಯ. ಊಟವಾದ ಮೇಲೆ ಗಣಿಯ ಕತೆಗಳು. ಸಂಜೆ ಕಂಪ್ಲಿಯ ಬಸ್ಸು. ಮನೆಯ ಬೀಗ ತೆಗೆಯುವಾಗ ಕೈಯೆಲ್ಲ ಸೀಮೆಎಣ್ಣೆಯ ವಾಸನೆ. ಒಳಗೆ ಯಾರೋ ಇದ್ದಾರೆ ಎಂಬಂತೆ ನಾನೇ ಒಮ್ಮೆ ಕೆಮ್ಮಿ ಒಳಗೆ ಹೋಗುತ್ತಿದ್ದೆ. ಈ ಹುಚ್ಚನ್ನು ಯಾರಿಗೂ ಹೇಳಿರಲಿಲ್ಲ.

ವಾರದ ನಡುವೆ ಅವನದೊಂದು ಫೋನು ಬರುತ್ತಿತ್ತು. "ಇವತ್ತ ಕೂದಲೆಳಿಯಷ್ಟು ಅಲ್ಲಾಡೈತಿ ನೋಡು. ಐತ್ವಾರ ಬಂದ್ರ ಬಂತು!" ನಾನು ಹೋದರೆ ಅದು ಬೇರು ಬಿಟ್ಟ ಮರದ ಹಾಗೆ ಗಟ್ಟಿ. ಹೀಗೇ ಮಳೆಗಾಲ ಹೋಯಿತು, ಚಳಿ ಬಂತು. ನಿಜ ಹೇಳಬೇಕೆಂದರೆ, ಬರಬರುತ್ತ ನನಗೆ ಒಂದು ಹೆದರಿಕೆ ಶುರುವಾಗಿತ್ತು. ಅಕಸ್ಮಾತ್ ಇದು ಬಂದೇಬಿಟ್ಟರೆ? ಆಮೇಲೆ ಮಾವ ಭಾನುವಾರ ಯಾರ ಜೊತೆ ಜಗಳ ಆಡಬೇಕು?

ಮೊನ್ನೆ ಭಾನುವಾರ ಮಾವ ಮೆಣಸಿನಕಾಯಿ ಬಜ್ಜಿ ತರಲು ಓಣಿಯ ತುದಿಗೆ ಹೋದ. ನಾನು ಸೀಟಿನಲ್ಲಿ ಸುಮ್ಮನೆ ಕೂತವಳು, ಸುತ್ತಿಗೆ ಇಲ್ಲದೆ ನಾನೊಬ್ಬಳೇ ಒಮ್ಮೆ ನೋಡೋಣವೆಂದು ಆ ಟವೆಲ್ ತುಂಡನ್ನು ಸರಿಸಿದೆ. ನಟ್ಟು ಸಡಿಲವೇ ಇರಲಿಲ್ಲ! ತಳದವರೆಗೆ ಬಿಗಿಯಾಗಿತ್ತು. ಬಿಗಿದ ನಟ್ಟಿನಡಿ ಸಿಕ್ಕಿದ್ದನ್ನು ಆನೆ ಎಳೆದರೂ ಬಂದೀತೇ? ಅಯ್ಯೋ, ವಯಸ್ಸಾಯಿತು, ಮಾವನಿಗೆ ಮರೆವು ಬಂದಿದೆ ಎಂದುಕೊಂಡು ಪಕ್ಕದಲ್ಲಿದ್ದ ಸ್ಪ್ಯಾನರ್ ಹಾಕಿ ನಟ್ಟು ತೆಗೆದು ಎಳೆದೆ. ಗಡಿಗೆಯ ಮುಚ್ಚಳ ಬಂದಷ್ಟು ಸುಲಭವಾಗಿ ಸ್ಟೇರಿಂಗ್ ನನ್ನ ತೊಡೆಯ ಮೇಲೆ ಬಂತು.

ಒಳಗಿನ ಹಲ್ಲುಗಳನ್ನು ನೋಡಿದೆ. ಒಂದು ಚೂರು ತುಕ್ಕಿಲ್ಲ. ಚೆನ್ನಾಗಿ ಉಜ್ಜಿ, ಹೊಸ ಗ್ರೀಸ್ ಹಚ್ಚಿದ್ದರು.

ಅಂದರೆ ಇದು ಯಾವತ್ತೋ ಬಂದಿದೆ. ಮಾವನೇ ಮತ್ತೆ ಕೂಡಿಸಿ, ನಟ್ಟು ಬಿಗಿದು, ಮೇಲೆ ಟವೆಲ್ ಮುಚ್ಚಿ, ನನ್ನಿಂದ ಎಳೆಸುತ್ತಿದ್ದಾನೆ. ನಾನು ಬರುವುದು ನಿಂತುಹೋದೀತೆಂದು! ಎಷ್ಟು ಬೇಸರವಿದ್ದರೆ ಮನುಷ್ಯ ಇಂಥ ಕೆಲಸ ಮಾಡಿಯಾನು? ತಡ ಮಾಡದೆ ಸ್ಟೇರಿಂಗನ್ನು ಇದ್ದ ಹಾಗೇ ಕೂಡಿಸಿ, ಇದ್ದಬದ್ದ ಬಲವೆಲ್ಲ ಹಾಕಿ ನಟ್ಟು ಬಿಗಿದು, ಟವೆಲ್ ಮುಚ್ಚಿ, ಏನೂ ಅರಿಯದವಳ ಹಾಗೆ ಕೂತೆ.

ಮಾವ ಬಂದ. "ಏನರ ಅಲ್ಲಾಡ್ತೇನು?"

"ಇಲ್ಲ ಮಾವ. ಇನ್ನಾ ಭಾಳ ಐತ್ವಾರ ಬೇಕು."

ಅವನು ಬಜ್ಜಿಯ ಪೊಟ್ಟಣವನ್ನು ನನ್ನ ಕೈಗೆ ಕೊಡಲು ಬಂದವನು ನನ್ನ ಬೆರಳು ನೋಡಿ ನಿಂತ. ಪೊಟ್ಟಣವನ್ನು ನನ್ನ ಮಡಿಲಿಗೆ ಇಟ್ಟು, ಹೆಗಲ ಮೇಲಿನ ಬಟ್ಟೆಯಿಂದ ನನ್ನ ಬೆರಳುಗಳನ್ನು ಒಂದೊಂದಾಗಿ ಒರೆಸತೊಡಗಿದ. "ಗ್ರೀಸ್ ಹೊಸಾದು. ಸೀರಿಗೆ ಹತ್ತಿದ್ರ ಹೋಗಂಗಿಲ್ಲ" ಅಂದ.

ಇನ್ನು ಮುಚ್ಚಿಡುವುದೇನು? "ಯಾವಾಗ ಬಂತು ಮಾವ ಇದು?"

"ಮಳಿಗಾಲದಾಗ ಒಂದಿನ, ಒಂದ ಏಟಿಗೆ ಬಂದ್ಬಿಡ್ತು. ಫೋನ್ ಮಾಡಿ ಹೇಳಬೇಕಂದೆ. ಹೇಳಿದ್ರ ನೀ ಬರೋದು ಬಿಡ್ತಿ, ಅಲ್ಲಿ ಬಾಗ್ಲಾ ಹಾಕ್ಕೊಂಡು ಕುಂದರ್ತಿ ಅನಸ್ತು. ತಿರುಗಿ ಹಾಕಿದೆ."

"ಹಂಗಲ್ಲ ಮಾವ, ನೀನು ಒಬ್ನ ಇರ್ತಿ ಅಂತ ನಾ ಬರ್ತಿದ್ದೆ..."

"ನಂದೇನವ್ವಾ? ಹುಟ್ಟಿದಾಗಿಂದ ಒಬ್ನ. ನನಗ ರೂಢಿ ಐತಿ. ನಿನಗ ಇನ್ನಾ ಹೊಸಾದು."

ಗಂಡ ಹೋದಾಗಲೂ ನಾಲ್ಕು ಜನರ ಮುಂದೆ ಅಳದೆ ಗಟ್ಟಿಯಾಗಿದ್ದವಳು ನಾನು. ಈಗ ಹಗಲು ಹೊತ್ತಿನಲ್ಲಿ, ತೆರೆದ ಬಾಗಿಲ ಕಾರಿನಲ್ಲಿ, ಇಡೀ ಓಣಿಗೆ ಕಾಣುವ ಹಾಗೆ ಬಿಕ್ಕಿ ಬಿಕ್ಕಿ ಅತ್ತೆ. ಎದುರು ಮನೆಯಾಕೆ ಗಾಬರಿಯಾಗಿ ಹೊರಗೆ ಬಂದಳು. ಮಾವ ಅವಳಿಗೆ ಅಡ್ಡವಾಗಿ ನಿಂತು, ಅವಳಿಗೂ ಕೇಳುವಷ್ಟು ಗಟ್ಟಿಯಾಗಿ ನನ್ನನ್ನು ಕೇಳಿದ: "ಮೆಣಸಿನಕಾಯಿ ಭಾಳ ಖಾರ ಐತೇನವ್ವಾ?"

"ಹ್ಞೂಂ ಮಾವ, ಭಾಳ ಖಾರ" ಅಂದೆ. ಪೊಟ್ಟಣದ ದಾರವನ್ನು ನಾನಿನ್ನೂ ಮುಟ್ಟಿರಲಿಲ್ಲ.